ಕಿಟಕಿಯೆದುರು ಕೂಗಿದ ಮೂರು ನಂಬರು

ಕಾರ್ಖಾನೆಯ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿಗಳಿಗೆ,

ಮಾನ್ಯರೇ, ನನ್ನ ಹೆಸರಿನಲ್ಲಿ ಯಾರೋ ಒಬ್ಬರು ನಿಮ್ಮ ಸಂಘದ ಸಾಲದಲ್ಲಿ ಸೀಲಿಂಗ್ ಫ್ಯಾನ್ ಒಯ್ದಿದ್ದಾರೆ. ನನ್ನದು ಪಿಂಪ್ರಿಯಲ್ಲಿ ತಗಡಿನ ಮನೆ. ಕೈ ಎತ್ತಿದರೆ ಸೂರು ತಾಗುತ್ತದೆ. ಅಲ್ಲಿ ಫ್ಯಾನ್ ತಿರುಗಿದರೆ ಮೊದಲು ಹಾರುವುದು ನನ್ನ ತಲೆ. ಆದರೂ ಕಂತು ಮಾತ್ರ ನನ್ನ ಪಗಾರದಲ್ಲೇ ಕಡಿತವಾಗುತ್ತಿದೆ. ಇದನ್ನು ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಮರಾಠಿಯಲ್ಲಿ ನನಗೆ ವಿನಂತಿ ಮಾಡಲು ಬರುತ್ತದೆ, ಸಿಟ್ಟು ಮಾಡಲು ಬರುವುದಿಲ್ಲ.

ತಪ್ಪಿನಲ್ಲಿ ನನ್ನ ಪಾಲು ದೊಡ್ಡದು, ಒಪ್ಪಿಕೊಳ್ಳುತ್ತೇನೆ. ಹೆಂಡತಿ ಚಂದಮ್ಮನಿಗೆ ಹೊಲಿಗೆ ಯಂತ್ರ ಕೊಡಿಸಲೆಂದು ಮಾರ್ಚ್‌ನಲ್ಲಿ ನಿಮ್ಮ ಕಿಟಕಿಯೆದುರು ಸಾಲಿನಲ್ಲಿ ನಿಂತೆ. ಅರ್ಜಿಗೆ ಹೆಸರಿನ ಜೊತೆ ಮೂರು ನಂಬರು ಬೇಕು: ಕಾರ್ಖಾನೆಯ ಹಾಜರಿ ಟಿಕೆಟ್ಟಿನದು, ಪ್ರಾವಿಡೆಂಟ್ ಫಂಡಿನದು, ರೇಷನ್ ಕಾರ್ಡಿನದು. ನಾವು ಹೊರಗಿನಿಂದ ಕೂಗಬೇಕು, ಗುಮಾಸ್ತರು ಒಳಗೆ ಬರೆದುಕೊಳ್ಳಬೇಕು, ಇದು ನಿಮ್ಮ ಪದ್ಧತಿ. ಉಳಿದವರು ಚೀಟಿ ನೋಡಿ ತಡವರಿಸುತ್ತಿದ್ದರು. ನಾನು ಮೂರನ್ನೂ ಬಾಯಿಪಾಠ ಮಾಡಿದ್ದೆ. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಹಿಂದಿದ್ದ ಅಂಬಾರಾಯ, "ಭಾಳ ಚುರುಕ ಅದ ಬಿಡ್ರಿ ನಿಮ್ಮ ತಲಿ," ಅಂದ. ಅಷ್ಟು ಸಾಕಾಯಿತು. ಯಾರೂ ಕೇಳದಿದ್ದರೂ ಇನ್ನೊಮ್ಮೆ ಹೇಳಿದೆ, ಸಾಲಿನ ಕೊನೆಯವರಿಗೂ ಕೇಳಿಸುವಂತೆ. ಸಾಲಿನಲ್ಲಿದ್ದ ನಲವತ್ತು ಜನರಲ್ಲಿ ಯಾರೋ ಒಬ್ಬ ಬರೆದುಕೊಂಡಿರಬೇಕು.

ಏಪ್ರಿಲ್‌ನಲ್ಲಿ ನನ್ನ ಅರ್ಜಿ ತಿರಸ್ಕಾರವಾಯಿತು. ಒಂದು ಸಾಲವಿರುವಾಗ ಇನ್ನೊಂದಿಲ್ಲವಂತೆ. ಫ್ಯಾನಿನ ಅರ್ಜಿ ತೋರಿಸಿ ಎಂದೆ. ಅದರಲ್ಲಿ ಹೆಬ್ಬೆಟ್ಟಿನ ಗುರುತಿದೆ. ನಾನು ಏಳನೇ ಇಯತ್ತೆ ಪಾಸಾದವನು. ಸಹಿ ಮಾಡುತ್ತೇನೆ, ಕೆಳಗೆ ಎರಡು ಗೆರೆ ಬೇರೆ ಎಳೆಯುತ್ತೇನೆ. "ನಂಬರ ಬರೋಬರ ಆಹೇತ ನಾ? ಮಗ ಝಾಲಂ," ಅಂದರು ಗುಮಾಸ್ತರು ಮರಾಠಿಯಲ್ಲಿ. ನಂಬರು ಸರಿಯಿದ್ದರೆ ಅವರ ಕೆಲಸ ಮುಗಿಯಿತು. ನಂಬರೇ ಮನುಷ್ಯನೆಂದಾದರೆ, ಮಾನ್ಯರೇ, ಅದನ್ನು ನಲವತ್ತು ಮಂದಿಯ ನಡುವೆ ಕೂಗಿಸುವುದೇಕೆ? ನಿಮ್ಮ ತಿಜೋರಿಯ ಕೀಲಿಕೈಯನ್ನೂ ಹೀಗೆ ಸಾಲಿನವರ ಕೈಗೆ ಕೊಟ್ಟುಬಿಡುತ್ತೀರಾ?

ನನ್ನ ಬೇಡಿಕೆ ದೊಡ್ಡದಲ್ಲ. ನಂಬರನ್ನು ಅರ್ಜಿದಾರನೇ ಬರೆದು ಮಡಚಿ ಕೊಡಲಿ. ಕಿಟಕಿಯ ಬಳಿ ಒಬ್ಬರೇ ನಿಲ್ಲಲಿ. ಸಾಲ ಕೊಡುವ ಮುನ್ನ ಎದುರಿಗಿರುವ ಮುಖವನ್ನು ಒಮ್ಮೆ ನೋಡಿ. ಫ್ಯಾನಿನ ಸಾಲವನ್ನು ನನ್ನ ಹೆಸರಿನಿಂದ ತೆಗೆದು, ಯಂತ್ರದ ಸಾಲವನ್ನು ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲೇ ಮಂಜೂರು ಮಾಡಿ.

ಯಂತ್ರ ಬರುತ್ತದೆಂಬ ನನ್ನ ಮಾತು ನಂಬಿ ಚಂದಮ್ಮ ಓಣಿಯ ಹದಿನಾಲ್ಕು ಮಕ್ಕಳ ಸಮವಸ್ತ್ರದ ಬಟ್ಟೆ ಹೊಲಿಯಲು ಹಿಡಿದಿದ್ದಾಳೆ. ನಿನ್ನೆ ಪಕ್ಕದ ಮನೆಯ ಮರೆಮ್ಮ ಬಂದು ತನ್ನ ಮಕ್ಕಳ ಬಟ್ಟೆ ವಾಪಸು ಒಯ್ದಳು. ನನಗೆ ನಾಚಿಕೆಯಾಯಿತು. ಏನಾದರೂ ಹೇಳೋಣವೆಂದು ಬಾಯಿ ತೆರೆದೆ.

"ನಂಬರ ಊರ ಮಂದಿಗೆಲ್ಲ ಹೇಳೀರಿ," ಅಂದಳು ಚಂದಮ್ಮ, ಉಳಿದ ಬಟ್ಟೆ ಮಡಚುತ್ತ. "ಮಷಿನ್ ಯಾವಾಗ ಬರ್ತದ ಅಂತ ನನಗೊಬ್ಬಾಕಿಗಿ ಹೇಳ್ರಿ."

ಆ ತಾರೀಖನ್ನು ತಾವೇ ತಿಳಿಸಬೇಕು.

ಇಂತಿ,
ಮೆಲ್ಲಗೆ ಮಾತಾಡಲು ಈಗ ಕಲಿಯುತ್ತಿರುವ ತಮ್ಮ ಸದಸ್ಯ
ಶಿವರುದ್ರಪ್ಪ
ಪಿಂಪ್ರಿ, ಮೇ ೧೯೮೩