ಉರುಟಣೆಯ ಕೊನೆಯ ಕ್ಯಾಸೆಟ್ಟು

ಬಾಯಿಗೆ ಬೀಗವಿಲ್ಲದ ನನ್ನ ದೊಡ್ಡಮ್ಮನಿಗೆ,

ನಿನ್ನ ತಂಗಿಯ ಮಗಳು ಶಾರದೆ ಬರೆಯುತ್ತಿದ್ದೇನೆ. ಹೆಸರನ್ನು ಮೊದಲೇ ಹೇಳಿಬಿಟ್ಟೆ. ನೀನು ಹೋಗಿ ಇಷ್ಟು ವರ್ಷವಾದರೂ, ಎಲ್ಲಿದ್ದೀಯೋ ಅಲ್ಲಿಂದಲೇ ನೀನು ಮತ್ತೆ ನನ್ನನ್ನು ಯಾರೆಂದು ಕೇಳಿಬಿಡುತ್ತೀಯೇನೋ ಎಂಬ ಭಯ ನನಗಿನ್ನೂ ಹೋಗಿಲ್ಲ.

ಮುಳಬಾಗಿಲಿನ ಛತ್ರದಲ್ಲಿ ನನ್ನ ಕೊನೆಯ ತಂಗಿಯ ಮದುವೆ ನಡೆದದ್ದು ನೆನಪಿದೆಯಾ? ತೊಂಬತ್ತರ ದಶಕದ ಆರಂಭ. ಮಧ್ಯಾಹ್ನ ಉರುಟಣೆಗೆ ಹೊಸ ಜೋಡಿಯನ್ನು ಎದುರು ಬದುರು ಕೂರಿಸಿ ಅರಿಶಿನ ಹಚ್ಚಿಸುವಾಗ, ನೀನು ಗಂಟಲು ಸರಿಮಾಡಿಕೊಂಡೆ. ನಮ್ಮ ಮನೆಯವರು ಹೊಸದಾಗಿ ಕೊಂಡಿದ್ದ ಟೇಪ್ ರೆಕಾರ್ಡರನ್ನು ನಿನ್ನ ಮಂಡಿಯ ಹತ್ತಿರ ಇಟ್ಟರು. "ಎದ್ದಾಗಿಂದ ಮೂರು ಲೋಟ ಕಾಫಿ ಕುಡಿದ ಬೀಗಿತ್ತಿ, ಸಕ್ಕರೆ ಸಾಲದೆಂದು ಮುಖ ಊದಿಸಿಕೊಂಡ ಬೀಗಿತ್ತಿ" ಎಂದು ಹುಡುಗನ ತಾಯಿಯ ಮೇಲೆ ಪದ ಎತ್ತಿಕೊಂಡೆ ನೋಡು, ಆಯಮ್ಮನೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನಂಗಲಿಯಿಂದ ಬಂದಿದ್ದ ಅವರ ಕಡೆಯ ಮುದುಕಿಯೊಬ್ಬಳು "ಚಾಲಮ್ಮಾ ಚಾಲು, ಸಾಕು ಮಾಡು, ಹೊಟ್ಟೆ ನೋವು ಬರ್ತಾ ಐತೆ" ಎಂದು ತೆಲುಗು ಕನ್ನಡ ಎರಡರಲ್ಲೂ ಬೇಡಿಕೊಂಡಳು. ಆ ಕ್ಯಾಸೆಟ್ಟಿಗೆ ಎಷ್ಟು ಕಾಪಿ ತೆಗೆದರೋ! ಮಾಲೂರಿನಿಂದ ಶ್ರೀನಿವಾಸಪುರದವರೆಗೆ ನಮ್ಮ ನೆಂಟರ ಮನೆಗಳಲ್ಲೆಲ್ಲ ನಿನ್ನ ದನಿ ಕೇಳಿಸುತ್ತಿತ್ತು.

ಪ್ರತಿ ಮದುವೆಯ ಬೆಳಿಗ್ಗೆ ನೀನು ಅಡುಗೆಯವರ ಹತ್ತಿರ ತರಕಾರಿ ಹೆಚ್ಚುವ ನೆಪದಲ್ಲಿ ಕೂತು, ಬೀಗರ ಕಡೆಯ ಸುದ್ದಿಯನ್ನೆಲ್ಲ ಸೋಸುತ್ತಿದ್ದೆ. ಯಾರು ಬಿಸಿನೀರಿಗೆ ಜಗಳವಾಡಿದರು, ಯಾರು ಮೂರು ಸಲ ಸೀರೆ ಬದಲಾಯಿಸಿದರು... ಅದೇ ನಿನ್ನ ಪದಗಳ ಸರಕು. ಒಮ್ಮೆ ನಾನು ಒಬ್ಬ ಬೀಗಿತ್ತಿಯ ಉಬ್ಬುಹಲ್ಲಿನ ಮೇಲೆ ಪದ ಕಟ್ಟಿ ತಂದಾಗ ನನ್ನ ತಲೆಗೆ ಮೊಟಕಿದೆ. "ಬೆಳಿಗ್ಗೆಯಿಂದ ಏನು ಮಾಡಿದ್ಲೋ ಅದನ್ನ ಹಾಡು ಕಣೇ. ಹುಟ್ತಾ ತಂದದ್ದನ್ನ ಹಾಡಿದ್ರೆ ಅದು ಬೈಗುಳ" ಎಂದೆ. ನಿನ್ನ ಪಕ್ಕದಲ್ಲಿ ಕೂತು ದನಿಗೂಡಿಸಿದ್ದೇ ನನ್ನ ಸಂಗೀತ ಪಾಠ. ಒಬ್ಬಳೇ ಹಾಡಿದವಳಲ್ಲ ನಾನು.

ಶ್ರೀನಿವಾಸಪುರದ ಮದುವೆಯಲ್ಲಿ ನನಗೆ ಮೊದಲ ಸಲ ಅನುಮಾನ ಬಂತು. ಕಾಫಿಯನ್ನೇ ಮುಟ್ಟದ ಬೀಗಿತ್ತಿಯ ಎದುರು ನೀನು ಮತ್ತೆ ಆ ಮೂರು ಲೋಟದ ಪದವನ್ನೇ ಹಾಡಿದೆ. ನೀನು ಬೇಕೆಂದೇ ಹಳೆಯ ಹಾಡು ಹಾಡಿದೆ ಎಂದು ಎಲ್ಲರೂ ಅಂದುಕೊಂಡರು. ನಾನು ನಿನ್ನ ಮಂಡಿ ಒತ್ತಿದಾಗ ನೀನು ನನ್ನ ಕಡೆ ತಿರುಗಿದೆ. ಆ ಕಣ್ಣಲ್ಲಿದ್ದ ದಿಗಿಲು, ದೊಡ್ಡಮ್ಮ... ಅದನ್ನು ನಾನು ಯಾರಿಗೂ ಹೇಳಲಿಲ್ಲ. ಅಂದಿನಿಂದ ತರಕಾರಿ ಹೆಚ್ಚಲು ನಾನು ಕೂತೆ. ಪದ ನಾನು ಕಟ್ಟಿ ನಿನ್ನ ಕಿವಿಯಲ್ಲಿ ಉಸುರಿದೆ, ಹಾಡಿದವಳು ನೀನು. "ಇನ್ನು ಸಾಕು ಬಿಡು ದೊಡ್ಡಮ್ಮ, ಹೆಸರು ಇರೋವಾಗ್ಲೇ ನಿಲ್ಸಿಬಿಡು" ಎಂದರೆ, "ಹೆಸರೇನು ಉಪ್ಪಿನಕಾಯಿನೇನೇ, ಮುಚ್ಚಿಡೋಕೆ?" ಎಂದು ರೇಗಿದೆ. ನಾನು ಸುಮ್ಮನಾದೆ. ಸುಮ್ಮನಾಗಬಾರದಿತ್ತಾ?

ಕೋಲಾರದಲ್ಲಿ ನನ್ನ ಮಗಳ ಮದುವೆಯ ದಿನ ನಾನು ಎರಡು ಕಡೆ ಓಡಾಡುತ್ತಿದ್ದೆ, ಒಂದು ಕಡೆ ಹೆತ್ತವಳಾಗಿ, ಇನ್ನೊಂದು ಕಡೆ ನಿನ್ನ ಬಾಯಾಗಿ. ಉರುಟಣೆಗೆ ಎಂದಿನಂತೆ ಟೇಪ್ ರೆಕಾರ್ಡರನ್ನು ನಿನ್ನ ಮಂಡಿಯ ಹತ್ತಿರ ಇಟ್ಟು, ನಿನ್ನ ಪಕ್ಕ ಕೂತು, ಹುಡುಗನ ತಾಯಿಯ ಮೇಲೆ ಎರಡು ಸಾಲು ಉಸುರಿದೆ. ನೀನು ಹಾಡಲಿಲ್ಲ. ತಿರುಗಿ ನನ್ನನ್ನೇ ದಿಟ್ಟಿಸಿ ನೋಡಿ, ಎತ್ತಿದ ದನಿಯಲ್ಲಿ ಶುರುಮಾಡಿದೆ: "ಪಕ್ಕದಾಗೆ ಕೂತುಕೊಂಡು ಕಿವಿ ಕಚ್ಚೋ ಬೀಗಿತ್ತಿ, ನನ್ನ ಬಾಯಿಗೆ ತನ್ನ ಮಾತು ತುರುಕೋ ಬೀಗಿತ್ತಿ!" ಛತ್ರವೇ ಬಿದ್ದುಹೋಗುವಂತೆ ನಕ್ಕರು. ಹೆಣ್ಣಿನ ಕಡೆಯವಳೇ ಹೆಣ್ಣಿನ ತಾಯಿಯನ್ನು ಹಾಡಿದ್ದನ್ನು ಯಾರು ಕಂಡಿದ್ದರು? ನಾನೂ ನಕ್ಕೆ. ಆಮೇಲೆ ನೀನು ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದೆ, "ಯಾರಮ್ಮ ನೀನು? ಹುಡುಗನ ತಾಯಿನಾ?" ನಾನು ಎದ್ದು ಉಗ್ರಾಣಕ್ಕೆ ಓಡಿಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಮಾರನೆಯ ಬೆಳಿಗ್ಗೆ ಏನೂ ಆಗದವಳಂತೆ "ಶಾರದಾ, ಕಾಫಿ ಕೊಡೇ" ಎಂದೆಯಲ್ಲ, ಅದು ಕೇಳಿ ನನಗೆ ಇನ್ನೂ ಹೆಚ್ಚು ಹೆದರಿಕೆಯಾಯಿತು.

ಎರಡು ತಿಂಗಳಿಗೆ ನೀನು ಬಚ್ಚಲಲ್ಲಿ ಜಾರಿ ಬಿದ್ದು, ಮಲಗಿದಲ್ಲೇ ಜ್ವರ ಬಂದು ಹೊರಟುಹೋದೆ. ಜನಕ್ಕೆ ಗೊತ್ತಿದ್ದದ್ದು ಸೊಂಟ ಮುರಿದದ್ದು ಮಾತ್ರ. ಹದಿಮೂರನೆಯ ದಿನ ಊಟಕ್ಕೆ ಕೂತವರೆಲ್ಲ ಆ ಕೊನೆಯ ಹಾಡಿನದೇ ಮಾತು. "ವಯಸ್ಸಾದ್ರೂ ಏನು ಧೈರ್ಯ, ಏನು ಚುರುಕು! ಸ್ವಂತದವಳನ್ನೇ ಬಿಡ್ಲಿಲ್ಲ ನೋಡು" ಎಂದರು. ಕ್ಯಾಸೆಟ್ಟು ಬೇಕೆಂದವರಿಗೆ ನಾನೇ ಕಾಪಿ ಮಾಡಿಕೊಟ್ಟೆ. ನಗು ಮುಗಿಯುವ ಮೊದಲೇ, ನಿನ್ನ ಪ್ರಶ್ನೆ ಬರುವ ಮೊದಲೇ, ಗುಂಡಿ ಒತ್ತಿ ನಿಲ್ಲಿಸುತ್ತಿದ್ದೆ. ಅಸಲಿ ಕ್ಯಾಸೆಟ್ಟನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಬಚ್ಚಿಟ್ಟೆ. ನಲವತ್ತು ವರ್ಷ ನೀನು ನಿಜವಾಗಿ ಕಟ್ಟಿದ ಪದಗಳನ್ನೆಲ್ಲ ಜನ ಮರೆತರು. ನೀನು ದಾರಿ ತಪ್ಪಿದ ಒಂದೇ ಒಂದು ಗಳಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡರು. ಇದು ನ್ಯಾಯವಾ, ನೀನೇ ಹೇಳು.

ಹೋದ ತಿಂಗಳು ನನ್ನ ತಮ್ಮನ ಮಗ ಮುರಳಿ ಮಾಲೂರಿನಿಂದ ಬಂದ. ತನ್ನ ಮದುವೆಗೆಂದು ನಿನ್ನ ಹಾಡುಗಳನ್ನೆಲ್ಲ ಸೀಡಿಗೆ ಹಾಕಿಸುತ್ತಾನಂತೆ, ಕಾಪಿಗಳು ಗೊರಗೊರ ಎನ್ನುತ್ತವೆ, ಅಸಲಿಯೇ ಬೇಕಂತೆ. ಬೂಷ್ಟು ಹಿಡಿದು ಹಾಳಾಯಿತು ಎಂದು ಸುಳ್ಳು ಹೇಳಿದೆ. ಅವನು ಹೋದ ಮೇಲೆ ನಮ್ಮ ಮನೆಯವರಿಗೆ ಮೊದಲ ಸಲ ಎಲ್ಲವನ್ನೂ ಹೇಳಿದೆ. ಅವರು "ಕೊನೇ ಊಟ ಹಳಸಿತ್ತು ಅಂತ ಹಿಂದಿನ ಹಬ್ಬದೂಟ ಎಲ್ಲಾ ಹಳಸುತ್ತೇನೇ?" ಎಂದರು. "ಹಳಸಲ್ಲ. ಆದ್ರೆ ಜನದ ನಾಲಿಗೇಲಿ ಉಳಿಯೋದು ಕೊನೇ ತುತ್ತೇ ಅಲ್ವಾ?" ಎಂದೆ.

ಮೊನ್ನೆ ಮಂಗಳವಾರ, ಆ ಪ್ರಶ್ನೆಯನ್ನು ಅಳಿಸಿಬಿಡೋಣವೆಂದೇ ಕ್ಯಾಸೆಟ್ಟು ಹಾಕಿದೆ. ನನಗೂ ಐವತ್ತೈದಾಯಿತು. ಬೀರುವಿನ ಕೀ ಎಲ್ಲಿಟ್ಟೆನೆಂದು ಮರೆತರೂ ಎದೆ ಹಾರುತ್ತದೆ. ಅವತ್ತೂ ಹುಡುಕಾಡಿಯೇ ತೆಗೆದೆ. ಹಾಡು ಬಂತು, ನಗು ಬಂತು, "ಯಾರಮ್ಮ ನೀನು?" ಬಂತು, ನನ್ನ ಬಳೆಯ ಸದ್ದು ದೂರವಾಯಿತು. ಗುಂಡಿ ಒತ್ತಲು ಬೆರಳು ಏಳಲಿಲ್ಲ. ಅದರ ಮುಂದಿನದನ್ನು ನಾನು ಎಂದೂ ಕೇಳಿರಲಿಲ್ಲ, ದೊಡ್ಡಮ್ಮ. ಯಾರೋ "ಇನ್ನೊಂದು ಹಾಡಿ ಅತ್ತೆ" ಎಂದರು. ನೀನು ಹೇಳಿದೆ: "ತಡಿಯಮ್ಮಾ, ನಮ್ಮ ಶಾರದ ಬರ್ಲಿ. ಎಲ್ಲೋ ಹೋದ್ಲು. ಈಗ ಪದ ಎಲ್ಲಾ ಅವಳ ಹತ್ರಾನೇ ಇರೋದು. ನನ್ನ ಹತ್ರ ಏನೂ ಇಲ್ಲ." ಆಮೇಲೆ ಟೇಪು ಮುಗಿಯುವವರೆಗೂ ನೀನು ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದೆ. "ಶಾರದ ಬಂದ್ಲಾ?"

ನಾನು ಬರಲಿಲ್ಲ. ಪಕ್ಕದ ಉಗ್ರಾಣದಲ್ಲೇ ಇದ್ದೆ, ಬರಲಿಲ್ಲ. ಕ್ಷಮಿಸು.

ಇಷ್ಟು ದಿನ ನಾನು ಕಾಪಾಡಿದ್ದು ನಿನ್ನ ಹೆಸರನ್ನೋ, ನನ್ನ ಅಂಜಿಕೆಯನ್ನೋ? ನೀನು ಮುಚ್ಚಿಡಲಿಲ್ಲ. ಛತ್ರದ ತುಂಬ ಜನರೆದುರು, ಪದ ನಿನ್ನ ಹತ್ತಿರ ಇಲ್ಲವೆಂದು ಹೇಳಿಬಿಟ್ಟೆ. ನಿನ್ನ ಸುತ್ತ ಅಷ್ಟು ಗಲಾಟೆಯಿತ್ತು, ಯಾರ ಕಿವಿಗೂ ಬೀಳಲಿಲ್ಲ ಅಷ್ಟೆ.

ನಿನ್ನೆ ಮುರಳಿಯನ್ನು ಕರೆಸಿ ಅಸಲಿಯನ್ನು ಕೊಟ್ಟೆ. ಸುಳ್ಳು ಹೇಳಿದ್ದೆ ಎಂದೂ ಒಪ್ಪಿಕೊಂಡೆ. "ಹಳೇದೂ ಇರ್ಲಿ, ಇದೂ ಇರ್ಲಿ. ಎಲ್ಲೂ ಕತ್ತರಿಸ್ಬೇಡ ಕಣೋ" ಎಂದೆ. ಕೇಳಿ ಮುಗಿಸಿ ಅವನು ಕಣ್ಣೊರೆಸಿಕೊಂಡ. "ಜನ ಏನಂತಾರೋ ಅತ್ತೆ" ಎಂದ. ಅದೇ ನನಗೂ ಗೊತ್ತಿಲ್ಲ. ಅಯ್ಯೋ ಪಾಪ ಎನ್ನುತ್ತಾರಾ, ಅರಳುಮರಳು ಮುದುಕಿಯ ಹಾಡಿಗಾ ನಾವು ಅಷ್ಟು ನಕ್ಕಿದ್ದು ಎನ್ನುತ್ತಾರಾ... ಬರುವ ಭಾನುವಾರ ವಕ್ಕಲೇರಿಯಲ್ಲಿ ಮುರಳಿಯ ಮದುವೆ. ಸೀಡಿಯನ್ನು ಅಲ್ಲೇ ಎಲ್ಲರೆದುರು ಹಾಕುತ್ತಾರೆ. ಟೇಪಿನಲ್ಲಿ ನೀನು "ಶಾರದ ಬಂದ್ಲಾ?" ಎಂದು ಕೇಳಿದಾಗ, ಯಾರಾದರೂ ಬಾಯಿ ತೆರೆಯುವ ಮೊದಲೇ, ನಾನು "ಬಂದೆ ದೊಡ್ಡಮ್ಮ" ಎಂದು ಎದ್ದು ಹೊಸ ಬೀಗಿತ್ತಿಯ ಮೇಲೆ ಪದ ಎತ್ತಿಕೊಳ್ಳುತ್ತೇನೆ. ತುಂಬ ಹೆದರಿಕೆಯಾಗುತ್ತಿದೆ. ಆದರೂ ಹಾಡುತ್ತೇನೆ.

ನಿನ್ನ ಶಾರದ