ಬೆಟ್ಟ ಹತ್ತಿದ ಕೆಂಪು ಗೆರೆ

ಹೇಮಾ,

ಎರಡು ವರ್ಷ ತುಂಬಿದರೂ ನಿನಗೆ ನಡಿಗೆ ಬಂದಿರಲಿಲ್ಲ. ಮಗು ನಡೆದರೆ ಇಬ್ಬರೂ ಬರಿಗಾಲಲ್ಲಿ ಬೆಟ್ಟ ಹತ್ತಿ ಬರುತ್ತೇವೆ ಅಂತ ಮಾಲೇಕಲ್ಲು ವೆಂಕಟರಮಣನಿಗೆ ಹರಕೆ ಹೊತ್ತಿದ್ದೆ.

ಇವತ್ತು ನೀನು ಓಡಿಕೊಂಡೇ ಆ ಬೆಟ್ಟ ಹತ್ತಿ, ಓಡಿದ ದಾರಿ ತೋರಿಸುವ ಆ್ಯಪಿನಲ್ಲಿ ಮೂಡಿದ ಕೆಂಪು ಗೆರೆಯನ್ನು ಸ್ಟೇಟಸ್‌ಗೆ ಹಾಕಿದ್ದೀಯಲ್ಲ, ಗಾರ್ಮೆಂಟ್ಸ್ ಬಸ್ಸಿನಲ್ಲಿ ಅದನ್ನೇ ನೋಡುತ್ತಾ ಕೂತಿದ್ದೆ. ಗೆರೆ ತಿರುಗಿದ ಕಡೆಯೆಲ್ಲ ನಾನೂ ತಿರುಗಿದೆ. ಮಂಡಿನೋವು ಎಲ್ಲಿ ಹೋಯಿತೋ, ಮಂಜಿನೊಳಗೆ ನಡೆದ ಹಾಗಿತ್ತು. ನಮ್ಮ ಸ್ಟಾಪು ದಾಟಿದ್ದೂ ತಿಳಿಯಲಿಲ್ಲ.

ಮನೆಗೆ ಬಂದವಳೇ ಫೋನನ್ನು ದೇವರ ಮುಂದಿಟ್ಟು, ಗೆರೆಯ ಮೇಲ್ತುದಿಗೆ ಕುಂಕುಮ ಹಚ್ಚಿದೆ. ಫೋನಿನ ಮೇಲಿನ ತೂತಿನೊಳಗೆ ಪುಡಿ ಹೋಯಿತೇನೋ, ಈಗ ಕರೆ ಮಾಡಿದರೆ ಯಾರ ಮಾತೂ ಕೇಳಿಸುತ್ತಿಲ್ಲ. ಬೈಯಬೇಡ, ಹಳೇ ಬ್ರಷ್ಷಿನಲ್ಲಿ ಮೆಲ್ಲಗೆ ಒರೆಸು. ಫೋನು ಇಲ್ಲೇ ಬಿಟ್ಟಿದ್ದೇನೆ. ನಾಳೆ ನೀನು ಏಳುವ ಮೊದಲೇ ಕೆಲಸಕ್ಕೆ ಹೊರಡುತ್ತೇನೆ.

ಇನ್‌ಸ್ಟಾಗ್ರಾಮಿಗೂ ಹಾಕುವುದಾದರೆ ನಮ್ಮ ಬಾಗಿಲ ಹತ್ತಿರದ ಗೆರೆ ಮರೆಮಾಡು. ಊರಿಗೆಲ್ಲ ನಮ್ಮನೆ ದಾರಿ ಯಾಕೆ ತೋರಿಸಬೇಕು?

ಅಜ್ಜಿಗೆ ಸಾರು ಬಿಸಿ ಮಾಡಿ ಕೊಡು. "ಮಗ್ಳು ಹತ್ತಿದ್ರೆ ನೀನು ಹತ್ತಿದಂಗೇ ಕಣೇ, ಹರಕೆ ತೀರ್ತು ಬಿಡು" ಅಂತ ಸಮಾಧಾನ ಹೇಳಿದರು.

ಆದರೆ ನೀನು ಹೋಗಿದ್ದು ಒಬ್ಬಳೇ, ಅದೂ ಶೂ ಹಾಕಿಕೊಂಡು. ಹರಕೆ ತೀರಿಲ್ಲ.

ಅಮ್ಮ