ಬಿಟ್ಟ ಕೈ

ಸೆಪ್ಟೆಂಬರ್ 9, ಬೆಳಿಗ್ಗೆ 7

ರೊಟ್ಟಿ ಆಯಿತು. ಶೇಂಗಾ ಚಟ್ನಿ ಎರಡು ಡಬ್ಬಿ, ಒಂದು ಸುಗರಾಳಿಗೆ. ಐದು ವರ್ಷದಿಂದ ಇಬ್ಬರೂ ಒಂದೇ ಶಾಲೆಯಲ್ಲಿ ಟೀಚರ್, ಊಟವೂ ಒಟ್ಟಿಗೆ. ಮಳೆ ನಿಂತಿಲ್ಲ. ಶಿರೂರಿನ ಆಚೆ ಹಳ್ಳ ತುಂಬಿದರೆ ಬಸ್ ಬರುವುದಿಲ್ಲ. ಸಂಜೆ ನಡೆದೇ ದಾಟಬೇಕು. ಪೇಪರ್ ತಿದ್ದುವುದು ಇನ್ನೂ ಬಾಕಿ...

ಸೆಪ್ಟೆಂಬರ್ 12

ಇಲ್ಲಾದರೂ ಖರೆ ಬರೆಯುತ್ತೇನೆ.

ಆ ಸಂಜೆ ಹಳ್ಳದ ಸೇತುವೆಯ ಮೇಲೆ ಮೊಣಕಾಲುಮಟ್ಟ ನೀರು. ನಾನು ಮುಂದೆ, ಸುಗರಾ ಹಿಂದೆ, ಕೈ ಹಿಡಿದುಕೊಂಡಿದ್ದೆವು. ದಡ ಹತ್ತೇ ಹೆಜ್ಜೆ. ಅವಳ ಕಾಲು ಜಾರಿತು. ಅವಳ ಭಾರಕ್ಕೆ ನಾನೂ ವಾಲಿದೆ. ಬಲಗೈಗೆ ಸೇತುವೆಯ ಕಂಬಿ ಸಿಕ್ಕಿತು. ಎಡಗೈ ಬಿಟ್ಟೆ.

ಜಾರಲಿಲ್ಲ. ಬಿಟ್ಟೆ.

ಕೆಳಗೆ ಜಾಲಿಯ ಮುಳ್ಳುಕಂಟಿಗೆ ಸಿಕ್ಕಿಕೊಂಡಿದ್ದಳಂತೆ. ಊರವರು ಹಗ್ಗ ಹಾಕಿ ಎಳೆದರು. ತಲೆಗೆ ಪೆಟ್ಟು. ಬಾಗಲಕೋಟೆಯಲ್ಲಿ ಐಸಿಯು. ಎಚ್ಚರವಿಲ್ಲ.

ಮನೆಯಲ್ಲಿ ನನ್ನ ಗಂಡ ಕೇಳಿದರು. ಕೈ ಜಾರಿತು ಅಂದೆ.

ಸೆಪ್ಟೆಂಬರ್ 13

ಹೆಡ್ ಮಾಸ್ಟರ್ ಅಂದಾನಪ್ಪ ಸರ್ ಫೋನ್. ಪೇಪರಿನಲ್ಲಿ ನನ್ನ ಹೆಸರು ಬಂದಿದೆಯಂತೆ — ಗೆಳತಿಗಾಗಿ ನೀರಿಗಿಳಿದ ಶಿಕ್ಷಕಿ ವಿದ್ಯಾ. ಏನು ಹೇಳುತ್ತಿದ್ದಾರೆ ಅಂತಲೇ ತಿಳಿಯಲಿಲ್ಲ. ದಡ ಸೇರಿದವಳು ತಿರುಗಿ ಎದೆಮಟ್ಟ ನೀರಿಗೆ ಹೋದೆನಂತೆ. ಇಬ್ಬರು ಹಿಡಿದು ಎಳೆದರಂತೆ. ನನಗೆ ಈಜೇ ಬರುವುದಿಲ್ಲ. ಒಂದೂ ನೆನಪಿಲ್ಲ.

ಕೈ ಬಿಟ್ಟದ್ದು ಮಾತ್ರ ಒಂದೊಂದು ಬೆರಳಿಗೂ ನೆನಪಿದೆ.

ಬಿಡುವಾಗ ಯೋಚಿಸಲಿಲ್ಲ. ಇಳಿಯುವಾಗಲೂ ಯೋಚಿಸಿರಲಿಕ್ಕಿಲ್ಲ. ಎರಡರಲ್ಲಿ ನಾನು ಯಾರು?

ಸೆಪ್ಟೆಂಬರ್ 15, ಸಂಜೆ

ಸುಗರಾಳ ಅಣ್ಣ ಮಹಮ್ಮದ ಫೋನ್ ಮಾಡಿದ್ದರು. ಇನ್ನೂ ಎಚ್ಚರ ಬಂದಿಲ್ಲ. ಕೇಳಿ ಎದೆ ಹಗುರಾಯಿತು — ಹೌದು, ಹಗುರಾಯಿತು. ಅವಳು ಇನ್ನೂ ಯಾರಿಗೂ ಹೇಳಿಲ್ಲ ಅಂತ.

ಸೆಪ್ಟೆಂಬರ್ 19

ಎಚ್ಚರವಾಗಿದ್ದಾಳೆ, ವಾರ್ಡಿಗೆ ಹಾಕಿದ್ದಾರೆ. ಹೋದೆ. ಮಹಮ್ಮದಣ್ಣ ಎದ್ದು ಕುರ್ಚಿ ಕೊಟ್ಟರು. ಪಕ್ಕದ ಬೆಡ್ಡಿನವರಿಗೆಲ್ಲ ನನ್ನನ್ನು ತೋರಿಸಿ ಹೊಗಳಿದರು. ಅವರು ಚಹಾ ತರಲು ಹೋದಾಗ ಹೇಳಿಬಿಟ್ಟೆ.

"ನಾ ಕೈ ಬಿಟ್ಟೆ, ಸುಗರಾ. ಜಾರಿದ್ದಲ್ಲ."

"ಗೊತ್ತೈತಿ." ಮುಖ ಗೋಡೆಯ ಕಡೆ. "ನಿನ್ನ ಬೆರಳು ಸಡ್ಲ ಆಗಿದ್ದು ಗೊತ್ತಾತು."

ನಾನು ನೀರಿಗಿಳಿದದ್ದನ್ನು ಅಣ್ಣ ಹೇಳಿದ್ದರಂತೆ. ಅದನ್ನೂ ನಂಬುತ್ತಾಳಂತೆ.

"ಎರಡೂ ನೀನ ಮಾಡಿದಿ. ನಾ ಸಿಟ್ಟಾಗ್ಲೋ ಏನ್ ಮಾಡ್ಲೋ, ತಿಳೀವಲ್ದು. ಸ್ವಲ್ಪ ದಿನ ಬರಬ್ಯಾಡ."

ಚಹಾ ಬರುವ ಮುಂಚೆಯೇ ಎದ್ದು ಬಂದೆ.

ಸೆಪ್ಟೆಂಬರ್ 26

ಬೇಡವೆಂದರೂ ಇವತ್ತು ಶಾಲೆಯಲ್ಲಿ ಸನ್ಮಾನ. ಮಹಮ್ಮದಣ್ಣನನ್ನೂ ಕರೆದಿದ್ದರು. ಶಾಲು ಹೊದಿಸಿದರು. ಮೈಕ್ ಕೈಗೆ ಬಂತು. ಹೇಳಿದೆ — ನನ್ನ ಜೀವಕ್ಕೆ ಹೆದರಿ ಅವಳ ಕೈ ಬಿಟ್ಟೆ, ಈ ಶಾಲು ನನ್ನದಲ್ಲ.

ಅಂದಾನಪ್ಪ ಸರ್ ಮೈಕ್ ತೆಗೆದುಕೊಂಡರು. ಟೀಚರಿಗೆ ಆಘಾತವಾಗಿದೆ, ತಪ್ಪು ತಮ್ಮ ಮೇಲೆ ಹಾಕಿಕೊಳ್ಳುತ್ತಿದ್ದಾರೆ, ದೊಡ್ಡ ಮನಸ್ಸು ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಹಮ್ಮದಣ್ಣ ಒಬ್ಬರನ್ನು ಬಿಟ್ಟು. ಆಮೇಲೆ ವರಾಂಡದಲ್ಲಿ ಅಡ್ಡ ನಿಂತರು.

"ಖರೇನ?"

"ಖರೆ ರೀ."

ಬೈಯಲಿ, ಹೊಡೆಯಲಿ ಅಂತ ಕಾಯುತ್ತಿದ್ದೆ.

"ಮೊನ್ನಿ ಅಕಿನ್ನ ಕೇಳಿದ್ದೆ, ಹೆಂಗ ಬಿದ್ದಿ ಅಂತ. ನಾನ ಕೈ ಬಿಡಿಸಿಕೊಂಡೆ, ಇಲ್ಲಾಂದ್ರ ವಿದ್ಯಾನೂ ಹೋಗ್ತಿದ್ಲು ಅಂದ್ಲು."

ಅಷ್ಟು ಹೇಳಿ ಹೊರಟುಹೋದರು.

ನನ್ನನ್ನು ಬರಬೇಡ ಅಂದವಳು. ಅಣ್ಣನಿಗೆ ಯಾಕೆ ಹಾಗೆ ಸುಳ್ಳು ಹೇಳಿದಳು... ಅವಳ ಜಾಗದಲ್ಲಿ ನಾನಿದ್ದಿದ್ದರೆ ಹೇಳುತ್ತಿದ್ದೆನೋ ಇಲ್ಲವೋ—